ಸಿಯಾಟಲ್ ಕಡೆಯ ಮನೆಯಂಗಳದಲ್ಲಿ ರೋಡೋಡೆಂಡ್ರಾನ್: ನೆಡುವುದರಿಂದ ಸವರುವವರೆಗೆ

ಸಿಯಾಟಲ್ ಕಡೆ ಮನೆ ಕೊಂಡ ನಮ್ಮವರಿಗೆ ಮನೆಯ ಜೊತೆಗೇ ಒಂದೆರಡು ರೋಡೋಡೆಂಡ್ರಾನ್ ಗಿಡಗಳೂ ಬಂದಿರುತ್ತವೆ. ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್, ಬಾಥೆಲ್, ಎಲ್ಲಿ ಹೋದರೂ ಮುಂದಿನ ಅಂಗಳದಲ್ಲಿ ಇದನ್ನು ಕಾಣುತ್ತೀರಿ. ಇಲ್ಲಿಯವರು ಪ್ರೀತಿಯಿಂದ ‘ರೋಡಿ’ ಅನ್ನುತ್ತಾರೆ. ವರ್ಷವಿಡೀ ದಪ್ಪ ಹಸಿರೆಲೆ, ಏಪ್ರಿಲ್-ಮೇ ಬಂತೆಂದರೆ ಕೈಯಗಲದ ಗೊಂಚಲುಗಳಲ್ಲಿ ಹೂವು. ವಾಷಿಂಗ್ಟನ್ನಿನ ರಾಜ್ಯಪುಷ್ಪವೂ ಇದೇ ಕುಲದ್ದು. 1893ರ ಷಿಕಾಗೋ ವಿಶ್ವಮೇಳಕ್ಕೆ ತಮ್ಮ ರಾಜ್ಯದ ಹೂವು ಯಾವುದಿರಬೇಕು ಎಂದು 1892ರಲ್ಲಿ ಇಲ್ಲಿಯ ಹೆಂಗಸರು ಮತ ಹಾಕಿದರು. ಗೆದ್ದದ್ದು ಇಲ್ಲಿಯ ಕಾಡಿನಲ್ಲಿ ತಾನಾಗಿ ಬೆಳೆಯುವ ಗುಲಾಬಿ ಬಣ್ಣದ ರೋಡೋಡೆಂಡ್ರಾನ್.

ಹೂವು ಮುಗಿದ ಮೇಲೆ ಗಿಡದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೆಲವು ವರ್ಷ ಕಳೆಯುವುದರಲ್ಲಿ ಎಲೆ ಹಳದಿಯಾಗುತ್ತದೆ, ಹೂವು ಕಡಿಮೆಯಾಗುತ್ತದೆ. ಆಗ ಗಾಬರಿಯಾಗಿ ಒಂದು ಚೀಲ ಗೊಬ್ಬರ ಸುರಿಯುತ್ತಾರೆ, ದಿನಾ ನೀರು ಬಿಡುತ್ತಾರೆ. ಗಿಡ ಇನ್ನೂ ಸೊರಗುತ್ತದೆ. ರೋಡಿಯ ತೊಂದರೆ ಕಾಣುವುದು ಎಲೆಯಲ್ಲಾದರೂ ಹುಟ್ಟುವುದು ಹೆಚ್ಚಾಗಿ ಬೇರಿನಲ್ಲಿ. ಬೇರಿಗೆ ಏನು ಬೇಕು ಎಂದು ತಿಳಿದರೆ ಉಳಿದದ್ದೆಲ್ಲ ಸುಲಭ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಬೇರು ನೋಡಿ

ನರ್ಸರಿಯಿಂದ ತಂದ ಗಿಡವನ್ನು ಕುಂಡದಿಂದ ಮೆಲ್ಲಗೆ ಹೊರಗೆಳೆದು ನೋಡಿ. ದಾಸವಾಳ, ಗುಲಾಬಿಯ ಹಾಗೆ ಹೆಬ್ಬೆರಳು ದಪ್ಪದ ಬೇರು ಕಾಣುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಕಂದು ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಮುದ್ದೆಯಾಗಿರುತ್ತವೆ. ತಾಯಿಬೇರು ಅಂತ ಆಳಕ್ಕೆ ಇಳಿಯುವುದು ಇರುವುದಿಲ್ಲ. ದೊಡ್ಡ ಗಿಡದಲ್ಲೂ ಹೆಚ್ಚಿನ ಬೇರು ಮೇಲಿನ ಒಂದು ಅಡಿ ಮಣ್ಣಿನಲ್ಲೇ ಹರಡಿರುತ್ತದೆ.

ಈ ಕುಲದ ಗಿಡಗಳ ತವರು ಮುಖ್ಯವಾಗಿ ಹಿಮಾಲಯ ಮತ್ತು ನೈಋತ್ಯ ಚೀನಾದ ಬೆಟ್ಟಗಳು. ದಕ್ಷಿಣ ಭಾರತದಲ್ಲೂ ಒಂದು ಬಗೆ ಇದೆ. ಊಟಿಯ ದೊಡ್ಡಬೆಟ್ಟಕ್ಕೆ ಹೋದವರು ಕೆಂಪು ಹೂವಿನ ಗಂಟುಗಂಟಾದ ಮರಗಳನ್ನು ನೋಡಿರುತ್ತೀರಿ, ಅದೇ. ಇಂಥ ಬೆಟ್ಟದ ಇಳಿಜಾರಿನಲ್ಲಿ ಮಳೆ ಸುರಿಯುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ತರಗೆಲೆ ಕೊಳೆತ ಸಡಿಲ ಮಣ್ಣು, ಅದೂ ಹುಳಿ ಮಣ್ಣು. ಬೇರಿಗೆ ತೇವವೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ. ನಮ್ಮ ಅಂಗಳದಲ್ಲೂ ಈ ಮೂರನ್ನು ಒದಗಿಸಬೇಕು: ತೇವ, ಗಾಳಿ, ಹುಳಿ.

ಜಾಗ ಹುಡುಕುವುದು

ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ನಂತರ ನೆರಳಾಗುವ ಜಾಗ ಎಲ್ಲಕ್ಕಿಂತ ಒಳ್ಳೆಯದು. ಮನೆಯ ಪೂರ್ವ ಅಥವಾ ಉತ್ತರ ದಿಕ್ಕು ಸಾಮಾನ್ಯವಾಗಿ ಹೀಗಿರುತ್ತದೆ. ಎತ್ತರದ ಮರಗಳ ಕೆಳಗಿನ ಚೆದುರಿದ ಬೆಳಕೂ ಆಗುತ್ತದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದಲ್ಲಿ ಮರಗಳ ಸಂದಿಯಿಂದ ಬಿಸಿಲು ಸೋಸಿ ಬೀಳುತ್ತದಲ್ಲ, ಅಂಥ ನೆರಳು. ತೀರಾ ಕತ್ತಲಾದರೆ ಗಿಡ ಉದ್ದಕ್ಕೆ ಬೆಳೆದು ಬಡಕಲಾಗುತ್ತದೆ, ಹೂವು ಬಿಡುವುದಿಲ್ಲ. ಎಲೆ ಸಣ್ಣದಾಗಿರುವ ತಳಿಗಳು ಜಾಸ್ತಿ ಬಿಸಿಲು ತಡೆಯುತ್ತವೆ. ದೊಡ್ಡ ಎಲೆಯವಕ್ಕೆ ಜಾಸ್ತಿ ನೆರಳು ಬೇಕು.

ಪಶ್ಚಿಮದ ಗೋಡೆ ಬೇಡವೇ ಬೇಡ. 2021ರ ಜೂನ್ ಕೊನೆಯಲ್ಲಿ ಸಿಯಾಟಲ್‌ನಲ್ಲಿ 108 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 42 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಬಿಸಿಲಿಗೆ ಮುಖ ಮಾಡಿದ್ದ ರೋಡಿಗಳ ಎಲೆ ಒಂದೇ ಬದಿ ಸುಟ್ಟು ಕಂದಾಗಿದ್ದನ್ನು ಇಲ್ಲಿದ್ದವರು ನೋಡಿದ್ದೀರಿ.

ಮನೆಗೆ ತೀರಾ ಅಂಟಿಸಿಯೂ ನೆಡಬೇಡಿ. ಸೂರಿನ ಕೆಳಗೆ ಮಳೆ ಬೀಳುವುದಿಲ್ಲ, ಚಳಿಗಾಲದಲ್ಲೂ ಅಲ್ಲಿ ಮಣ್ಣು ಒಣಗಿರುತ್ತದೆ. ಕಾಂಕ್ರೀಟಿನಿಂದ ಸುಣ್ಣದ ಅಂಶ ಇಳಿದು ಬಂದು ಮಣ್ಣಿನ ಹುಳಿ ಕಡಿಮೆಯಾಗುತ್ತದೆ. ಮರದ ಕೆಳಗೆ ನೆಡುವುದಾದರೆ ಡಗ್ಲಸ್ ಫರ್ ಪರವಾಗಿಲ್ಲ. ಮೇಪಲ್, ಬರ್ಚ್ ಮರಗಳ ಬೇರು ಮೇಲ್ಮೈಯಲ್ಲೇ ಹರಡಿ ನೀರನ್ನೆಲ್ಲ ಎಳೆದುಕೊಳ್ಳುತ್ತವೆ. ಕಪ್ಪು ವಾಲ್‌ನಟ್ ಮರದ ಹತ್ತಿರ ರೋಡಿ ಬದುಕುವುದು ಕಷ್ಟ. ಆ ಮರದ ಬೇರಿನಿಂದ ಬರುವ ಅಂಶ ಇದಕ್ಕೆ ವಿಷ.

ಮಣ್ಣಿನಲ್ಲಿ ನೀರು ಇಳಿಯುತ್ತಾ?

ಇದನ್ನು ಪರೀಕ್ಷಿಸದೆ ಗಿಡ ಕೊಳ್ಳಲೇಬೇಡಿ. ನೆಡಬೇಕೆಂದಿರುವ ಜಾಗದಲ್ಲಿ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಂದು ಸಲ ತುಂಬಿ, ಒಂದು ಕಡ್ಡಿ ನಿಲ್ಲಿಸಿ ಗುರುತು ಮಾಡಿ. ಗಂಟೆಗೆ ಒಂದು ಇಂಚಾದರೂ ಇಳಿದರೆ ಸರಿ. ಅದಕ್ಕಿಂತ ನಿಧಾನವಾದರೆ ಆ ಗುಂಡಿಯಲ್ಲಿ ರೋಡಿ ನೆಡುವುದು ಬೇಡ.

ಹೊಸ ಬಡಾವಣೆಗಳಲ್ಲಿ ಈ ತೊಂದರೆ ಜಾಸ್ತಿ. ಮನೆ ಕಟ್ಟುವಾಗ ಮೇಲ್ಮಣ್ಣು ಕೆರೆದು ಸಾಗಿಸಿರುತ್ತಾರೆ. ಕೊನೆಗೆ ಲಾನ್ ಹಾಸಲು ತೆಳ್ಳಗೆ ಮಣ್ಣು ಹರಡಿ ಹೋಗುತ್ತಾರೆ. ಅದರ ಕೆಳಗೆ ಹಿಮನದಿ ಬಿಟ್ಟುಹೋದ ಕಲ್ಲುಮಿಶ್ರಿತ ಗಟ್ಟಿ ಪದರ. ಹಾರೆ ಹಾಕಿದರೆ ಠಣ್ ಅನ್ನುತ್ತದೆ. ಅಲ್ಲಿ ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿದರೂ ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿದು ನಿಲ್ಲುತ್ತದೆ. ತಳಕ್ಕೆ ಜಲ್ಲಿ ಹಾಕಿದರೂ ಅಷ್ಟೇ.

ಇಂಥ ಕಡೆ ನೆಲದ ಮೇಲೆಯೇ ಒಂದಡಿ ಎತ್ತರದ ಏರುಮಡಿ ಮಾಡಿ. ನಾಲ್ಕೈದು ಅಡಿ ಅಗಲ ಇರಲಿ. ಫರ್ ಮರದ ತೊಗಟೆಯ ಸಣ್ಣ ಚೂರು, ಎಲೆ ಕಾಂಪೋಸ್ಟ್, ಅಲ್ಲಿಯದೇ ಮಣ್ಣು, ಮೂರನ್ನೂ ಕಲಸಿ. ತೊಗಟೆ ಚೂರು ಇಲ್ಲಿ ಎಲ್ಲ ಕಡೆ ಸಿಗುತ್ತದೆ, ಅದು ಮಣ್ಣನ್ನು ಸಡಿಲವಾಗಿ ಇಡುತ್ತದೆ. ಅಣಬೆ ಬೆಳೆದು ಉಳಿದ ಕಾಂಪೋಸ್ಟ್ ಮತ್ತು ಹಸಿ ಕೊಟ್ಟಿಗೆ ಗೊಬ್ಬರ ಬೇಡ. ಎರಡರಲ್ಲೂ ಉಪ್ಪಿನಂಶ ಜಾಸ್ತಿ, ಮೊದಲನೆಯದರಲ್ಲಿ ಸುಣ್ಣವೂ ಇರುತ್ತದೆ.

ಮಣ್ಣಿನ ಹುಳಿ ಅಳೆಯುವುದು ಪಿಎಚ್‌ನಲ್ಲಿ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಪಿಎಚ್ 4.5ರಿಂದ 5.5ರೊಳಗೆ ಇದ್ದರೆ ಗಿಡಕ್ಕೆ ಹಿತ. 6ರವರೆಗೂ ನಡೆಯುತ್ತದೆ. ಪಶ್ಚಿಮ ವಾಷಿಂಗ್ಟನ್ನಿನ ಮಣ್ಣು ಹುಟ್ಟಾ ಹುಳಿಯೇ, ಸುಮ್ನೆ ಬಿಟ್ಟರೆ ಸಾಕು. ಕೆಡಿಸುವವರು ನಾವೇ. ಲಾನ್ ಹಸಿರಾಗಲಿ ಎಂದು ವಸಂತದಲ್ಲಿ ಸುಣ್ಣ ಎರಚುತ್ತಾರೆ, ಅದು ಪಕ್ಕದ ರೋಡಿಯ ಬುಡಕ್ಕೂ ಬೀಳುತ್ತದೆ. ಒಲೆಯ ಬೂದಿಯನ್ನೂ ಹಾಕಬಾರದು. ಊರಿನಲ್ಲಿ ತೆಂಗಿನ ಬುಡಕ್ಕೆ ಬೂದಿ ಹಾಕಿ ರೂಢಿ ಇರುವವರು ಇಲ್ಲಿ ಕೈ ಬಿಗಿ ಹಿಡಿಯಬೇಕು. ಅನುಮಾನ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಹುಳಿ ಹೆಚ್ಚಿಸುವ ಗಂಧಕದ ಪುಡಿ ಹಾಕುವುದಾ ಬೇಡವಾ ಎಂದು ತೀರ್ಮಾನಿಸಿ.

ತಳಿ ಆರಿಸುವಾಗ

ನರ್ಸರಿ ಗಿಡದ ಚೀಟಿಯಲ್ಲಿ ಬರೆದಿರುವ ಎತ್ತರ ಸಾಮಾನ್ಯವಾಗಿ 10 ವರ್ಷದ ಹೊತ್ತಿಗೆ ಆಗುವ ಎತ್ತರ. ಗಿಡ ಅಲ್ಲಿಗೆ ನಿಲ್ಲುವುದಿಲ್ಲ. ಆರಡಿ ಎಂದು ಬರೆದದ್ದು ಮುಂದೆ ಹತ್ತಡಿ ದಾಟಬಹುದು. ಕಿಟಕಿಯ ಕೆಳಗೆ ನೆಡಲು ಹೊರಟವರು ಇದನ್ನು ಮರೆಯಬಾರದು. ಆಮೇಲೆ ಪ್ರತಿ ವರ್ಷ ಕತ್ತರಿಸುತ್ತಾ ಕೂರುವುದಕ್ಕಿಂತ ಮೊದಲೇ ಗಿಡ್ಡ ತಳಿ ತರುವುದು ವಾಸಿ.

ಗಿಡ್ಡ ಬೇಕಿದ್ದರೆ ಯಾಕುಶಿಮಾನಮ್ ಬಗೆಯವನ್ನು ನೋಡಿ. ಜಪಾನಿನ ಯಾಕುಶಿಮಾ ದ್ವೀಪದ ಗಿಡ ಇದು, ನರ್ಸರಿಯವರು ‘ಯಾಕ್’ ಅನ್ನುತ್ತಾರೆ. ಎಲೆ ತಿರುಗಿಸಿ ನೋಡಿದರೆ ಅಡಿಯಲ್ಲಿ ಮೆತ್ತನೆಯ ಕಂದು ರೋಮ. ‘ಕೆನ್ ಜಾನೆಕ್’ ಈ ಬಗೆಯದು. ಮೊಗ್ಗು ಗುಲಾಬಿ, ಅರಳುತ್ತಾ ಬಿಳಿಯಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ, ಹೂವಿಲ್ಲದಾಗಲೂ ನೋಡಲು ಚೆಂದ. ಕಡುಗೆಂಪು ಬೇಕೆಂದರೆ ‘ಜೀನ್ ಮೇರಿ ಡಿ ಮಾಂಟೆಗ್ಯೂ’, ಇಲ್ಲಿ ತುಂಬಾ ಜನ ಬೆಳೆಸುವ ತಳಿ. ಬಿಸಿಲು ಜಾಸ್ತಿ ಇರುವ ಕಡೆಗೆ ನೇರಳೆ ಹೂವಿನ ‘ಅನಾ ಕ್ರುಶ್ಕೆ’. ಮಾರ್ಚ್-ಏಪ್ರಿಲ್‌ನಲ್ಲೇ ಹೂವು ಬೇಕಾದರೆ ‘ಪಿಜೆಎಂ’. ಅದರ ಎಲೆ ಸಣ್ಣದು, ಚಳಿಗಾಲದಲ್ಲಿ ಕಂದುಗೆಂಪಿಗೆ ತಿರುಗುತ್ತದೆ.

ಕೊಳ್ಳುವ ಮೊದಲು ಫೆಡರಲ್ ವೇಯಲ್ಲಿರುವ ರೋಡೋಡೆಂಡ್ರಾನ್ ಸ್ಪೀಷೀಸ್ ಬೊಟಾನಿಕಲ್ ಗಾರ್ಡನ್‌ಗೆ ಒಮ್ಮೆ ಹೋಗಿ ಬನ್ನಿ. ಪೋರ್ಟ್‌ಲ್ಯಾಂಡ್ ಕಡೆಯವರಿಗೆ ಕ್ರಿಸ್ಟಲ್ ಸ್ಪ್ರಿಂಗ್ಸ್ ತೋಟ ಇದೆ. ಬೆಳೆದ ಗಿಡ ಎಷ್ಟು ಅಗಲ ಹರಡುತ್ತದೆ ಎಂದು ಕಣ್ಣಾರೆ ಕಂಡರೆ ಚೀಟಿಯ ಮೇಲೆ ಭರವಸೆ ಇಡಬೇಕಾಗಿಲ್ಲ.

ನೆಡುವ ಕ್ರಮ

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ನೆಡಲು ಒಳ್ಳೆಯ ಕಾಲ. ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಮಳೆ ಶುರುವಾಗಿರುತ್ತದೆ. ಬೇಸಿಗೆ ಬರುವುದರೊಳಗೆ ಬೇರು ಹಿಡಿಯಲು ಪೂರ್ತಿ ಚಳಿಗಾಲ ಸಿಗುತ್ತದೆ. ಹೂವಿನ ಬಣ್ಣ ನೋಡಿ ಮೇ ತಿಂಗಳಲ್ಲಿ ಕೊಂಡರೆ ಆಗಲೂ ನೆಡಬಹುದು, ಆದರೆ ಆ ಬೇಸಿಗೆ ಪೂರ್ತಿ ನೀರಿನ ಮೇಲೆ ಕಣ್ಣಿಡಬೇಕು.

1. ಹಿಂದಿನ ದಿನ ಗಿಡವನ್ನು ಕುಂಡದ ಸಮೇತ ಬಕೆಟ್ ನೀರಿನಲ್ಲಿ ಅದ್ದಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ಬಸಿಯಲು ಬಿಡಿ. ಒಣಗಿದ ಬೇರಿನ ಮುದ್ದೆಯನ್ನು ಮಣ್ಣಿನಲ್ಲಿ ಹೂತ ಮೇಲೆ ನೆನೆಸುವುದು ಬಹಳ ಕಷ್ಟ.

2. ಗುಂಡಿ ಅಗಲವಾಗಿರಲಿ, ಆಳ ಬೇಡ. ಬೇರಿನ ಮುದ್ದೆಯ ಎರಡು ಮೂರು ಪಟ್ಟು ಅಗಲ, ಆಳ ಮುದ್ದೆಯ ಎತ್ತರಕ್ಕಿಂತ ಸ್ವಲ್ಪ ಕಡಿಮೆ. ತಳದ ಮಣ್ಣನ್ನು ಕೆದಕಬೇಡಿ. ಸಡಿಲ ಮಾಡಿದರೆ ಗಿಡ ಆಮೇಲೆ ಕುಸಿದು ಕೆಳಗಿಳಿಯುತ್ತದೆ.

3. ಕುಂಡದಿಂದ ತೆಗೆದು ಬೇರನ್ನು ಬಿಡಿಸಿ. ಇದನ್ನು ಮಾತ್ರ ಯಾರೂ ತಪ್ಪಿಸಬಾರದು. ಬೇರುಗಳು ಕುಂಡದ ಆಕಾರದಲ್ಲೇ ಸುತ್ತು ಹಾಕಿರುತ್ತವೆ. ಹಾಗೇ ಹೂತರೆ ಕೆಲವು ವರ್ಷ ಬಿಟ್ಟು ಕಿತ್ತು ನೋಡಿದಾಗಲೂ ಬೇರು ಅದೇ ಕುಂಡದ ಆಕಾರದಲ್ಲೇ ಇರುತ್ತದೆ. ಬೆರಳಿನಿಂದ ಹೊರಮೈಯನ್ನು ಕೆದರಿ. ಗಟ್ಟಿಯಾಗಿದ್ದರೆ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಮೂರು ನಾಲ್ಕು ಕಡೆ, ಒಂದಿಂಚು ಆಳಕ್ಕೆ ಗೀರಿ. ಸಣ್ಣ ಬೇರು ಹರಿಯುತ್ತದೆ, ಹರಿಯಲಿ. ಹರಿದಲ್ಲಿಂದಲೇ ಹೊಸ ಬೇರು ಹೊರಗಿನ ಮಣ್ಣಿಗೆ ಹೋಗುತ್ತದೆ. ಗೋಣಿಬಟ್ಟೆಯಲ್ಲಿ ಸುತ್ತಿದ ಗಿಡ ತಂದಿದ್ದರೆ ಬಟ್ಟೆ, ಹಗ್ಗ ಎಲ್ಲ ಬಿಚ್ಚಿಬಿಡಿ.

4. ಗುಂಡಿಯಲ್ಲಿ ಕೂರಿಸಿದಾಗ ಬೇರಿನ ಮುದ್ದೆಯ ಮೇಲ್ಭಾಗ ನೆಲಕ್ಕಿಂತ ಒಂದೆರಡು ಇಂಚು ಮೇಲೇ ಇರಬೇಕು. ಗುಂಡಿಗೆ ಅಡ್ಡಲಾಗಿ ಒಂದು ಕೋಲಿಟ್ಟು ನೋಡಿದರೆ ಗೊತ್ತಾಗುತ್ತದೆ. ಕೆಳಗೆ ಹೋಗಿದ್ದರೆ ಎತ್ತಿ ಅಡಿಗೆ ಮಣ್ಣು ಹಾಕಿ ಗಟ್ಟಿ ಮಾಡಿ. ಆಳವಾಗಿ ನೆಡುವುದರಿಂದ ಸಾಯುವಷ್ಟು ರೋಡಿಗಳು ಬೇರೆ ಯಾವುದರಿಂದಲೂ ಸಾಯುವುದಿಲ್ಲ ಎಂದೇ ನಾನು ನಂಬಿದ್ದೇನೆ. ಕಾಂಡದ ಬುಡ ಮಣ್ಣಿನಲ್ಲಿ ಹೂತರೆ ಬೇರಿಗೆ ಗಾಳಿ ಸಿಗದೆ ನಿಧಾನವಾಗಿ ಉಸಿರು ಕಟ್ಟುತ್ತದೆ. ಒಂದೆರಡು ವರ್ಷ ಚೆನ್ನಾಗಿಯೇ ಇದ್ದಂತೆ ಕಾಣುವುದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ.

5. ತೆಗೆದ ಮಣ್ಣಿಗೇ ತೊಗಟೆ ಚೂರು ಬೆರೆಸಿ ಸುತ್ತ ತುಂಬಿ. ಕೈಯಿಂದ ಒತ್ತಿದರೆ ಸಾಕು, ಕಾಲಿನಿಂದ ತುಳಿಯಬೇಡಿ. ಗುಂಡಿಗೆ ರಾಸಾಯನಿಕ ಗೊಬ್ಬರ ಬೇಡ, ಎಳೆ ಬೇರು ಸುಡುತ್ತದೆ.

6. ನಿಧಾನವಾಗಿ ನೀರು ಕೊಟ್ಟು, ಮಣ್ಣು ಕುಸಿದಲ್ಲಿ ಇನ್ನಷ್ಟು ಹಾಕಿ. ಬೇರಿನ ಮುದ್ದೆಯ ಮೇಲೆ ಮಾತ್ರ ಮಣ್ಣು ಏರಿಸಬೇಡಿ.

7. ಎರಡು ಮೂರು ಇಂಚು ಹೊದಿಕೆ ಹಾಕಿ. ತೊಗಟೆ ಚೂರು, ಫರ್ ಮರದ ಸೂಜಿ ಎಲೆ, ತರಗೆಲೆ, ಯಾವುದಾದರೂ ಆಗುತ್ತದೆ. ಕಾಂಡದ ಸುತ್ತ ಒಂದು ಅಂಗೈ ಅಗಲ ಖಾಲಿ ಬಿಡಿ.

ಅಡಿಕೆ ತೋಟಕ್ಕೆ ಸೊಪ್ಪು ಹೊದಿಸುವುದನ್ನು ನೋಡಿ ಬೆಳೆದ ಮಲೆನಾಡಿನವರಿಗೆ ಹೊದಿಕೆಯ ಬೆಲೆ ಹೇಳಬೇಕಾಗಿಲ್ಲ. ಬೇರು ಮೇಲೇ ಇರುವುದರಿಂದ ರೋಡಿಗೆ ಇದು ಇನ್ನೂ ಮುಖ್ಯ. ಹೊದಿಕೆ ಕೊಳೆತು ಮಣ್ಣಾಗುತ್ತಾ ಹೋಗುತ್ತದೆ, ವರ್ಷಕ್ಕೊಮ್ಮೆ ಹೊಸದು ಸೇರಿಸಿ. ಬುಡದಲ್ಲಿ ಕಳೆ ಬಂದರೆ ಕೈಯಿಂದ ಕೀಳಿ. ಗುದ್ದಲಿ ಹಾಕಿ ಕೆರೆದರೆ ಕಳೆಯ ಜೊತೆ ಬೇರೂ ಬರುತ್ತದೆ.

ನೀರು

ಸಿಯಾಟಲ್ ಅಂದರೆ ಮಳೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ ಅಲ್ವಾ? ಇಲ್ಲಿಯ ವರ್ಷದ ಮಳೆ ಬೆಂಗಳೂರಿನಲ್ಲಿ ಬೀಳುವಷ್ಟೇ, ಸುಮಾರು 38 ಇಂಚು. ಅದೂ ಹೆಚ್ಚಿನ ಪಾಲು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಬಂದು ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ತಿಂಗಳಿಗೆ ಒಂದು ಇಂಚೂ ಬೀಳುವುದು ಕಷ್ಟ. ರೋಡಿ ಮುಂದಿನ ವರ್ಷದ ಹೂಮೊಗ್ಗು ಕಟ್ಟುವುದು ಆಗಲೇ.

ಹೊಸ ಗಿಡಕ್ಕೆ ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ ನೀರು ಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಕುಂಡದ ಮಿಶ್ರಣದಲ್ಲಿ ತೊಗಟೆಯೇ ಜಾಸ್ತಿ ಇರುವುದರಿಂದ ಅದು ಬೇಗ ಒಣಗುತ್ತದೆ. ಸುತ್ತಲಿನ ಮಣ್ಣು ಒದ್ದೆಯಾಗಿದ್ದರೂ ನಡುವಿನ ಮುದ್ದೆ ಒಣಗಿರಬಹುದು. ಹಾಗಾಗಿ ಮೊದಲ ವರ್ಷ ನೀರು ಬುಡಕ್ಕೇ, ಮುದ್ದೆಯ ಮೇಲೇ ಬೀಳಬೇಕು. ಬೆರಳನ್ನು ಎರಡು ಮೂರು ಇಂಚು ಒಳಗೆ ತೂರಿಸಿ ನೋಡಿ. ತಂಪಾಗಿ ಒದ್ದೆ ಹತ್ತಿದರೆ ಬಿಡಿ, ಇಲ್ಲದಿದ್ದರೆ ಕೊಡಿ. ಬೇರು ಹಿಡಿದ ಗಿಡಕ್ಕೆ ಬೇಸಿಗೆಯಲ್ಲಿ ವಾರಕ್ಕೆ ಒಂದು ಇಂಚಿನಷ್ಟು ನೀರು ಸಾಕು. ಹನಿ ನೀರಾವರಿ ಪೈಪು ಎಲ್ಲಕ್ಕಿಂತ ಒಳ್ಳೆಯದು. ಲಾನ್ ಸ್ಪ್ರಿಂಕ್ಲರ್ ದಿನಾ ಕಾಂಡವನ್ನು ಒದ್ದೆ ಮಾಡುವಂತಿದ್ದರೆ ಅದರ ಮೂತಿ ತಿರುಗಿಸಿ.

ಎಲೆ ಜೋತುಬಿದ್ದ ತಕ್ಷಣ ಪೈಪು ಹಿಡಿಯಬೇಡಿ. ಮೊದಲು ನೋಡಿ. ಬಿಸಿ ಮಧ್ಯಾಹ್ನ ಜೋತು ಬಿದ್ದು ಸಂಜೆಗೆ ಸರಿಯಾದರೆ ಅದು ಬರೀ ಸೆಖೆ. ಬೆಳಗಾದರೂ ಜೋತೇ ಇದ್ದು, ಮಣ್ಣು ಒಣಗಿದ್ದರೆ ನೀರು ಬೇಕು. ಬೆಳಗ್ಗೆ ಜೋತಿದೆ, ಮಣ್ಣು ಒದ್ದೆಯಾಗಿದೆ ಎಂದರೆ ಬೇರು ಕೊಳೆಯುತ್ತಿದೆ. ಅಂಥ ಗಿಡಕ್ಕೆ ಇನ್ನಷ್ಟು ನೀರು ಕೊಟ್ಟರೆ ಅಲ್ಲಿಗೆ ಮುಗಿಯಿತು.

ಬಿಸಿಗಾಳಿಯ ಮುನ್ಸೂಚನೆ ಬಂದರೆ ಹಿಂದಿನ ದಿನವೇ ಚೆನ್ನಾಗಿ ನೀರುಣಿಸಿ, ಪಶ್ಚಿಮದ ಬದಿಗೆ ಹಳೆ ಬೆಡ್‌ಶೀಟ್ ಅಡ್ಡ ಕಟ್ಟಿ. ಎಲೆ ಸುಟ್ಟರೂ ಕೊಂಬೆ ಕತ್ತರಿಸಲು ಆತುರ ಬೇಡ, ಮೊಗ್ಗು ಜೀವಂತ ಇದ್ದರೆ ಮುಂದಿನ ವಸಂತಕ್ಕೆ ಚಿಗುರುತ್ತದೆ.

ಗೊಬ್ಬರ

ಹೊದಿಕೆ ಸರಿ ಇದ್ದರೆ ಗೊಬ್ಬರ ಬಹಳ ಬೇಕಾಗಿಲ್ಲ. ಎಲೆ ಬಣ್ಣ ಚೆನ್ನಾಗಿದ್ದು ವರ್ಷಕ್ಕೆ ಕೆಲವು ಇಂಚು ಹೊಸ ಚಿಗುರು ಬರುತ್ತಿದ್ದರೆ ಏನೂ ಹಾಕಬೇಡಿ. ಸೊರಗಿದಂತೆ ಕಂಡರೆ ರೋಡಿ, ಅಜೇಲಿಯಾಗಳಿಗೆಂದೇ ಮಾರುವ ಹುಳಿ ಗೊಬ್ಬರವನ್ನು ವಸಂತದಲ್ಲಿ, ಚೀಟಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಹಾಕಿ. ಜುಲೈ ನಂತರ ಬೇಡ. ತಡವಾಗಿ ಬಂದ ಎಳೆ ಚಿಗುರು ಚಳಿಗೆ ಸಾಯುತ್ತದೆ.

ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಹುಳಿ ಕಡಿಮೆಯಾದಾಗ ಬೇರು ಅದನ್ನು ಹೀರಿಕೊಳ್ಳಲಾರದು. ಎಲ್ಲಿಂದಲೋ ಸುಣ್ಣ ಸೇರಿರಬೇಕು, ಅದನ್ನು ಹುಡುಕಿ ನಿಲ್ಲಿಸಿ. ಶರತ್ಕಾಲದಲ್ಲಿ ಒಳಗಿನ ಹಳೆ ಎಲೆಗಳಷ್ಟೇ ಹಳದಿಯಾಗಿ ಉದುರಿದರೆ ಹೆದರಬೇಡಿ. ನಿತ್ಯಹಸಿರು ಗಿಡವಾದರೂ ಒಂದು ಎಲೆಯ ಆಯುಸ್ಸು ಎರಡು ಮೂರು ವರ್ಷ ಅಷ್ಟೇ.

ಹೂವು ಬಾಡಿದ ಮೇಲೆ

ಬಾಡಿದ ಗೊಂಚಲನ್ನು ತೆಗೆಯುವುದು ನನಗೆ ತುಂಬಾ ಇಷ್ಟದ ಕೆಲಸ. ಕತ್ತರಿ ಬೇಡ. ಗೊಂಚಲಿನ ಬುಡವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಪಕ್ಕಕ್ಕೆ ಬಾಗಿಸಿದರೆ ಟಪ್ ಎಂದು ಮುರಿದು ಬರುತ್ತದೆ. ಬೆರಳಿಗೆ ಅಂಟು ಹತ್ತುತ್ತದೆ. ಮುರಿದ ಜಾಗದ ಕೆಳಗೇ, ಎಲೆಗಳ ಸಂದಿಯಲ್ಲಿ, ಭತ್ತದ ಕಾಳಿನಷ್ಟು ಸಣ್ಣ ಮೊಗ್ಗುಗಳು ಕಾಣುತ್ತವೆ. ಅವೇ ಮುಂದಿನ ಚಿಗುರು. ಅವಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳಿ. ಗೊಂಚಲು ಹಾಗೇ ಬಿಟ್ಟರೆ ಗಿಡ ಬೀಜ ಕಟ್ಟಲು ಶಕ್ತಿ ಖರ್ಚು ಮಾಡುತ್ತದೆ. ಎಳೆ ಗಿಡಗಳಲ್ಲಿ ತಪ್ಪದೆ ತೆಗೆಯಿರಿ. ಏಣಿ ಹಾಕಬೇಕಾದಷ್ಟು ಎತ್ತರದ ಹಳೆ ಗಿಡವನ್ನು ಹಾಗೇ ಬಿಟ್ಟರೂ ನಷ್ಟವಿಲ್ಲ.

ಸವರುವುದಿದ್ದರೆ ಹೂವು ಮುಗಿದ ಕೂಡಲೇ, ಜೂನ್ ಒಳಗೆ ಮುಗಿಸಿ. ತಡ ಮಾಡಿದರೆ ಕತ್ತರಿಸುವುದು ಮುಂದಿನ ವರ್ಷದ ಹೂವನ್ನೇ. ಹೂಮೊಗ್ಗು ದಪ್ಪಗೆ ದುಂಡಗಿರುತ್ತದೆ, ಎಲೆಮೊಗ್ಗು ಸಪೂರ, ಚೂಪು. ಶರತ್ಕಾಲದಲ್ಲಿ ನೋಡಿದರೆ ಮುಂದಿನ ಮೇ ಹೇಗಿರುತ್ತದೆ ಎಂದು ಆಗಲೇ ಹೇಳಬಹುದು.

ಸಿಕೇಚರ್ (ಕೊಂಬೆ ಸವರುವ ಕತ್ತರಿ) ಇಡುವುದು ಎಲೆಗಳ ಸುತ್ತಿನ ಸ್ವಲ್ಪ ಮೇಲೆ. ರೋಡಿಯ ಎಲೆಗಳು ಕೊಂಬೆಯ ಮೇಲೆ ಅಲ್ಲಲ್ಲಿ ಚಕ್ರದಂತೆ ಗುಂಪಾಗಿರುತ್ತವೆ, ಚಿಗುರು ಅಲ್ಲಿಂದಲೇ ಬರುವುದು. ನಡುವೆ ಬೋಳು ಕೊಂಬೆ ಉಳಿಸಿದರೆ ಅದು ಒಣಗುತ್ತದೆ. ಬೇಲಿಗಿಡದ ಹಾಗೆ ಯಂತ್ರದಿಂದ ಮಟ್ಟಸ ಕತ್ತರಿಸುವುದನ್ನು ನೋಡಿದರೆ ಬೇಸರವಾಗುತ್ತದೆ. ತೋಟದ ಕೆಲಸಕ್ಕೆ ಯಾರನ್ನಾದರೂ ಕರೆಸುವುದಿದ್ದರೆ ಇದನ್ನು ಮೊದಲೇ ಹೇಳಿಬಿಡಿ.

ಕೆಳಗೆಲ್ಲ ಬೋಳಾಗಿ ಮೇಲೆ ಮಾತ್ರ ಎಲೆ ಉಳಿದ ಹಳೆ ಗಿಡವನ್ನೂ ಉಳಿಸಿಕೊಳ್ಳಬಹುದು. ಒರಟು ತೊಗಟೆಯ ತಳಿಗಳಲ್ಲಿ ತೊಗಟೆಯ ಅಡಿ ಮಲಗಿರುವ ಮೊಗ್ಗುಗಳು ಇರುತ್ತವೆ, ಹುಡುಕಿದರೆ ಸಣ್ಣ ಗುಬ್ಬಿಗಳಂತೆ ಕೈಗೆ ಹತ್ತುತ್ತವೆ. ಅದರ ಮೇಲೆ ಕತ್ತರಿಸಿ. ಒಂದೇ ವರ್ಷ ಎಲ್ಲ ಬೇಡ. ವರ್ಷಕ್ಕೆ ಮೂರನೇ ಒಂದು ಭಾಗ ಕೊಂಬೆ, ಹೀಗೆ ಮೂರು ವರ್ಷ. ನುಣುಪು ತೊಗಟೆಯ ತಳಿಗಳು ಹೀಗೆ ಚಿಗುರುವುದು ಕಡಿಮೆ, ಅವುಗಳಿಗೆ ಈ ಪ್ರಯೋಗ ಮಾಡಬೇಡಿ.

ಹುಳು, ರೋಗ

ಬೇರುಕೊಳೆ ಎಲ್ಲಕ್ಕಿಂತ ಕೆಟ್ಟದ್ದು. ಇದನ್ನು ತರುವುದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. ಅಡಿಕೆಯ ಕೊಳೆರೋಗಕ್ಕೂ ಕಾರಣ ಇದೇ ಕುಲದ ಇನ್ನೊಂದು ಜೀವಿ. ಅಲ್ಲಿ ಬೋರ್ಡೋ ಸಿಂಪಡಿಸಿ ಕಾಯಿ ಉಳಿಸುತ್ತಾರೆ. ಇಲ್ಲಿ ಬೇರು ಕೊಳೆತ ಮೇಲೆ ಯಾವ ಸಿಂಪಡಣೆಯೂ ನಡೆಯುವುದಿಲ್ಲ. ಮಣ್ಣು ಬೆಚ್ಚಗಿದ್ದು ನೀರು ನಿಂತಾಗ ಇದು ಹರಡುತ್ತದೆ. ಕಾಂಡದ ಬುಡದಲ್ಲಿ ತೊಗಟೆ ಕೆರೆದು ನೋಡಿದರೆ ಹಸಿರಿನ ಬದಲು ಕಂದುಗೆಂಪು ಕಾಣುತ್ತದೆ. ಅಂಥ ಗಿಡವನ್ನು ಬೇರು ಸಮೇತ ಕಿತ್ತು ಕಸಕ್ಕೆ ಹಾಕಿ. ಆ ಜಾಗದಲ್ಲಿ ಇನ್ನೊಂದು ರೋಡಿ ನೆಡಬೇಡಿ.

ಎಲೆಯ ಅಂಚು ಕಚ್ಚಿ ಕಚ್ಚಿ ತೆಗೆದಂತಿದ್ದರೆ ಅದು ಮೂತಿಹುಳುವಿನ ಕೆಲಸ. ಹಗಲು ಕಾಣುವುದಿಲ್ಲ, ರಾತ್ರಿ ಟಾರ್ಚ್ ಹಿಡಿದು ಹೋದರೆ ಕಪ್ಪು ಹುಳು ಸಿಗುತ್ತದೆ. ದೊಡ್ಡ ಗಿಡಕ್ಕೆ ಇದರಿಂದ ಅಂದಗೆಡುವುದು ಬಿಟ್ಟರೆ ತೊಂದರೆ ಇಲ್ಲ. ಮಣ್ಣಿನಲ್ಲಿರುವ ಇದರ ಬಿಳಿ ಮರಿಹುಳುಗಳು ಬೇರು ತಿನ್ನುತ್ತವೆ, ಎಳೆ ಗಿಡಕ್ಕೆ ಅಪಾಯ. ಸೆಪ್ಟೆಂಬರ್ ಸುಮಾರಿಗೆ, ಮಣ್ಣು ಇನ್ನೂ ಬೆಚ್ಚಗಿದ್ದು ಒದ್ದೆಯಾಗಿರುವಾಗ, ಉಪಕಾರಿ ನೆಮಟೋಡ್‌ಗಳನ್ನು (ಈ ಮರಿಹುಳುಗಳನ್ನು ಕೊಲ್ಲುವ ಅತಿ ಸಣ್ಣ ಹುಳುಗಳು) ನೀರಿನಲ್ಲಿ ಕಲಸಿ ಬುಡಕ್ಕೆ ಹಾಕಿ. ಈ ಹುಳುವಿಗೆ ಹಾರಲು ಬರುವುದಿಲ್ಲ, ಹತ್ತಿಕೊಂಡೇ ಹೋಗಬೇಕು. ನೆಲಕ್ಕೆ ತಾಗುವ ಕೊಂಬೆಗಳನ್ನು ಸವರಿದರೆ ಅದರ ಅರ್ಧ ದಾರಿ ಮುಚ್ಚಿದಂತೆ.

ಎಲೆಯ ಮೇಲೆ ಬಿಳಿ ಚುಕ್ಕೆ ಎರಚಿದಂತಾಗಿ ಹಸಿರು ಮಾಸಿದ್ದರೆ ಎಲೆ ತಿರುಗಿಸಿ. ಅಡಿಯಲ್ಲಿ ಟಾರ್ ಹನಿಯಂಥ ಕಪ್ಪು ಚುಕ್ಕೆ ಇದ್ದರೆ ಅದು ಲೇಸ್ ಬಗ್ ಎಂಬ ರಸ ಹೀರುವ ಕೀಟ. ಅಜೇಲಿಯಾ ಲೇಸ್ ಬಗ್ ಈ ಕಡೆ ಕಾಣಿಸಿಕೊಂಡು ಇನ್ನೂ ಹೆಚ್ಚು ವರ್ಷ ಆಗಿಲ್ಲ, ಈಗ ಎಲ್ಲೆಡೆ ಇದೆ. ಬಿಸಿಲಿಗೆ ಬಾಡಿದ, ನೀರು ಸಾಲದ ಗಿಡಗಳನ್ನೇ ಅದು ಹಿಡಿಯುವುದು. ಮೇ-ಜೂನ್‌ನಲ್ಲಿ ಮರಿಗಳಿಗೆ ರೆಕ್ಕೆ ಬರುವ ಮೊದಲು ಎಲೆಯ ಅಡಿಗೆ ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಬಹಳ ತಗ್ಗುತ್ತದೆ. ಗಿಡದ ಮೈಯೊಳಗೆ ಇಳಿಯುವ ಕೀಟನಾಶಕ ದಯವಿಟ್ಟು ಬೇಡ, ಹೂವಿಗೆ ಜೇನುಹುಳುಗಳು ಬರುತ್ತವೆ.

ಬೂದಿ ರೋಗವೂ ಉಂಟು. ಹಳದಿ ಮಚ್ಚೆಯಾಗಿ ಎಲೆ ಉದುರುತ್ತದೆ. ಒಳಗಿನ ಕೊಂಬೆಗಳನ್ನು ತೆಳುಮಾಡಿ ಗಾಳಿ ಆಡುವಂತೆ ಮಾಡಿ. ಕೊಂಬೆಯ ಮೇಲಿನ ಪಾಚಿ, ಕಲ್ಲುಹೂವಿನಿಂದ ಏನೂ ಆಗುವುದಿಲ್ಲ, ಬಿಟ್ಟುಬಿಡಿ.

ಚಳಿಗಾಲದಲ್ಲಿ

ತಾಪಮಾನ ಸೊನ್ನೆಗಿಂತ ಕೆಳಗಿಳಿದ ಬೆಳಗ್ಗೆ ರೋಡಿಯ ಎಲೆಗಳೆಲ್ಲ ಕೆಳಕ್ಕೆ ಬಾಗಿ ಕೊಳವೆಯಾಗಿ ಸುರುಳಿ ಸುತ್ತಿರುತ್ತವೆ. ಗಿಡ ಸತ್ತಿತು ಎಂದು ಮೊದಲ ಸಲ ನೋಡಿದವರು ಕಂಗಾಲಾಗುತ್ತಾರೆ. ಚಳಿ ಹೆಚ್ಚಿದಷ್ಟೂ ಸುರುಳಿ ಬಿಗಿಯಾಗುತ್ತದೆ. ಬಿಸಿ ಏರಿದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒದ್ದೆ ಹಿಮ ಕೂತಿದ್ದರೆ ಕೊಂಬೆಯನ್ನು ಕೆಳಗಿನಿಂದ ಮೆಲ್ಲಗೆ ಎತ್ತಿ ಉದುರಿಸಿ. ಹಿಮ ಮಂಜುಗಡ್ಡೆಯಾಗಿದ್ದರೆ ಮುಟ್ಟಬೇಡಿ, ಕೊಂಬೆ ಮುರಿಯುತ್ತದೆ.

ಮಕ್ಕಳು, ನಾಯಿ ಇರುವ ಮನೆಯವರಿಗೆ

ರೋಡಿಯ ಎಲೆ, ಹೂವು, ಮಕರಂದ ಎಲ್ಲದರಲ್ಲೂ ಗ್ರಯಾನೊಟಾಕ್ಸಿನ್ ಎಂಬ ವಿಷ ಇರುತ್ತದೆ. ನಾಯಿ, ಬೆಕ್ಕು, ಮೇಕೆಗಳು ಎಲೆ ತಿಂದರೆ ಜೊಲ್ಲು ಸುರಿಸಿ ವಾಂತಿ ಮಾಡುತ್ತವೆ, ಎದೆಬಡಿತ ಇಳಿಯುತ್ತದೆ. ತಡ ಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಮಕ್ಕಳು ಬಾಯಿಗೆ ಹಾಕಿಕೊಂಡರೆ ಪಾಯ್ಸನ್ ಕಂಟ್ರೋಲ್ ಎಂಬ ಇಲ್ಲಿಯ ವಿಷ ಸಹಾಯವಾಣಿಗೆ ಕೂಡಲೇ ಫೋನ್ ಮಾಡಿ.

ಉತ್ತರಾಖಂಡಕ್ಕೆ ಹೋದವರು ಅಲ್ಲಿ ಬುರಾಂಶ್ ಶರಬತ್ತು ಕುಡಿದಿರಬಹುದು. ಅದು ಅಲ್ಲಿಯ ಕೆಂಪು ರೋಡೋಡೆಂಡ್ರಾನ್ ಹೂವಿನದು, ಆ ಜನ ತಲೆಮಾರಿನಿಂದ ತಿಳಿದು ಬಳಸುವಂಥದ್ದು. ಅದನ್ನು ನೆನೆದು ಅಂಗಳದ ಮಿಶ್ರತಳಿಯ ಹೂವಿನಿಂದ ಶರಬತ್ತು ಮಾಡಬೇಡಿ. ದೇವರ ಮುಡಿಗೆ ಏರಿಸಲು ಅಡ್ಡಿಯಿಲ್ಲ, ಆದರೆ ತೀರ್ಥದ ಬಟ್ಟಲಿಗೆ ಎಸಳು ಬೀಳದಿರಲಿ, ನೈವೇದ್ಯದ ಮೇಲೆ ಇಡುವುದೂ ಬೇಡ.

ಗಿಡದ ಜಾಗ ಬದಲಿಸುವುದು

ತಪ್ಪು ಜಾಗದಲ್ಲಿದೆ ಎಂದು ದೊಡ್ಡ ರೋಡಿಯನ್ನು ಕಡಿಸಿ ಹಾಕುವವರನ್ನು ಕಂಡರೆ ಸಂಕಟವಾಗುತ್ತದೆ. ಬೇರು ಆಳ ಇಲ್ಲದಿರುವುದು ಇಲ್ಲಿ ವರವಾಗುತ್ತದೆ. ಎಷ್ಟೋ ವರ್ಷದ ಗಿಡವನ್ನೂ ಕಿತ್ತು ಬೇರೆಡೆ ನೆಡಬಹುದು. ಅಕ್ಟೋಬರ್ ಅಥವಾ ಚಿಗುರುವ ಮೊದಲು ಫೆಬ್ರವರಿ-ಮಾರ್ಚ್ ಸರಿಯಾದ ಕಾಲ. ಹಿಂದಿನ ದಿನ ನೀರುಣಿಸಿ. ನಾಲ್ಕಡಿ ಎತ್ತರದ ಗಿಡಕ್ಕೆ ಎರಡೂವರೆ ಅಡಿ ಅಗಲದ ವೃತ್ತ ಹಾಕಿ ಸಲಿಕೆಯಿಂದ ಸುತ್ತ ಕತ್ತರಿಸಿ, ಒಂದಡಿ ಆಳಕ್ಕೆ ಹೋದ ಮೇಲೆ ಅಡಿಗೆ ಸಲಿಕೆ ತೂರಿಸಿ ಎತ್ತಿ. ಟಾರ್ಪಾಲಿನ ಮೇಲೆ ಜಾರಿಸಿ ಎಳೆದುಕೊಂಡು ಹೋಗಬಹುದು, ಇಬ್ಬರು ಇದ್ದರೆ ಒಳ್ಳೆಯದು. ಹೊಸ ಗುಂಡಿಯನ್ನು ಮೊದಲೇ ತೋಡಿಟ್ಟಿರಿ, ಬೇರು ಗಾಳಿಗೆ ಒಣಗಬಾರದು. ಮುಂದಿನ ಎರಡು ಬೇಸಿಗೆ ಅದನ್ನು ಹೊಸ ಗಿಡ ಎಂದೇ ತಿಳಿದು ನೀರು ಕೊಡಿ.

ಇಷ್ಟದ ಗಿಡದಿಂದ ಇನ್ನೊಂದನ್ನು ಮಾಡಬೇಕಿದ್ದರೆ ನೆಲದ ಹತ್ತಿರದ ಕೊಂಬೆಯೊಂದನ್ನು ಬಗ್ಗಿಸಿ. ಅಡಿಭಾಗದಲ್ಲಿ ಒಂದಿಂಚು ತೊಗಟೆ ಕೆರೆದು ಮಣ್ಣು, ತೊಗಟೆ ಚೂರಿನಲ್ಲಿ ಹೂತು ಮೇಲೆ ಕಲ್ಲಿಡಿ. ತುದಿ ಹೊರಗಿರಲಿ. ಗೂಟಿ ಕಟ್ಟಿ ಗೊತ್ತಿದ್ದವರಿಗೆ ಇದೇನೂ ಹೊಸದಲ್ಲ. ಬೇರು ಬರಲು ಒಂದೆರಡು ವರ್ಷ ಹಿಡಿಯುತ್ತದೆ. ಮೆಲ್ಲಗೆ ಎಳೆದಾಗ ಮಣ್ಣು ಬಿಡದೆ ಹಿಡಿದುಕೊಂಡಿದ್ದರೆ ತಾಯಿಗಿಡದಿಂದ ಕತ್ತರಿಸಿ ಬೇರೆ ಮಾಡಿ.

ಬೆಂಗಳೂರಿನಲ್ಲಿ ಬೆಳೆಯುತ್ತಾ?

ಇಲ್ಲಿಗೆ ಬಂದ ಅಪ್ಪ ಅಮ್ಮಂದಿರು ಮೇ ತಿಂಗಳ ಹೂವು ನೋಡಿ ತಪ್ಪದೆ ಕೇಳುವ ಪ್ರಶ್ನೆ ಇದು. ಈ ದೊಡ್ಡ ಎಲೆಯ ರೋಡಿಗಳು ಅಲ್ಲಿ ಆಗುವುದಿಲ್ಲ. ಬೇಸಿಗೆಯ ಸೆಖೆ ಒಂದು ಕಾರಣ, ಬೋರ್‌ವೆಲ್‌ನ ಗಡಸು ನೀರು ಇನ್ನೊಂದು. ಆ ನೀರಿನಲ್ಲಿರುವ ಸುಣ್ಣದಂಶ ದಿನಾ ಸ್ವಲ್ಪ ಸ್ವಲ್ಪವೇ ಮಣ್ಣಿನ ಹುಳಿ ಕಳೆಯುತ್ತದೆ. ಆಸೆ ಇದ್ದರೆ ಇದೇ ಕುಲದ ಅಜೇಲಿಯಾ ಕುಂಡದಲ್ಲಿ ಪ್ರಯತ್ನಿಸಬಹುದು. ಬೆಳಗಿನ ಬಿಸಿಲು ಬೀಳುವ ಬಾಲ್ಕನಿ, ತೊಳೆದ ತೆಂಗಿನ ನಾರಿನ ಪುಡಿಗೆ ಎಲೆಗೊಬ್ಬರ ಬೆರೆಸಿದ ಮಿಶ್ರಣ, ನೀರು ಬಸಿದು ಹೋಗುವ ಕುಂಡ. ಹಿಡಿದಿಟ್ಟ ಮಳೆನೀರು ಅಥವಾ ಆರ್‌ಓ ನೀರನ್ನೇ ಹಾಕಬೇಕು. ಮಡಿಕೇರಿ, ಚಿಕ್ಕಮಗಳೂರಿನ ತಂಪಿನಲ್ಲಿ ಇರುವವರಿಗೆ ಇದು ಇನ್ನೂ ಸುಲಭ. ನೀಲಗಿರಿಯ ಶೋಲಾ ಕಾಡಿನಿಂದ ಮಾತ್ರ ಗಿಡ ಕಿತ್ತು ತರಬೇಡಿ. ಅದು ಆ ಬೆಟ್ಟದ್ದು, ಕುಂಡದಲ್ಲಿ ಬದುಕುವುದಿಲ್ಲ.